ಕಾಣದ ದ್ರವ್ಯ ಮತ್ತು ಸತ್ಯಾಣುವ್ರತ

ಇಂದ್ರಿಯಗಳಿಗೆ ನಿಲುಕದ ವಸ್ತುವೊಂದು ಇದೆಯೆಂದು ಅರಿಯುವುದು ಹೇಗೆ? ಅದರ ಕಾರ್ಯದಿಂದ. ಧರ್ಮಾಸ್ತಿಕಾಯವು ಅಮೂರ್ತವಾದರೂ, ಜೀವ-ಪುದ್ಗಲಗಳ ಗಮನಕ್ಕೆ ಅದು ಮಾಡುವ ಉಪಕಾರದಿಂದ ಅದನ್ನು ತಿಳಿಯಬೇಕೆಂದು ನಮ್ಮ ಆಚಾರ್ಯರು ಬೋಧಿಸಿದರು.

ಖಗೋಳವಿಜ್ಞಾನಿಗಳೂ ಇಂತಹದೇ ಅನುಮಾನ ಪ್ರಮಾಣವನ್ನು ಆಶ್ರಯಿಸಿದ್ದಾರೆ. 1933ರಲ್ಲಿ ಫ್ರಿಟ್ಜ್ ಝ್ವಿಕಿ ಅವರು ಕೋಮಾ ಎಂಬ ಗೆಲಾಕ್ಸಿ ಸಮೂಹವನ್ನು ಪರಿಶೀಲಿಸಿದರು. ಅಲ್ಲಿನ ಗೆಲಾಕ್ಸಿಗಳ ವೇಗ ಎಷ್ಟಿತ್ತೆಂದರೆ, ಕಾಣುವ ದ್ರವ್ಯದ ಗುರುತ್ವವಷ್ಟೇ ಇದ್ದಿದ್ದರೆ ಅವು ಚದುರಿಹೋಗಬೇಕಿತ್ತು. 1970ರ ದಶಕದಲ್ಲಿ ವೆರಾ ರೂಬಿನ್ ಅವರು, ಗೆಲಾಕ್ಸಿಗಳ ಅಂಚಿನ ನಕ್ಷತ್ರಗಳು ಕೂಡ ನಿರೀಕ್ಷೆಗಿಂತ ವೇಗವಾಗಿ ಸುತ್ತುತ್ತಿರುವುದನ್ನು ತೋರಿಸಿದರು. ವಿಶ್ವದ ದ್ರವ್ಯದಲ್ಲಿ ಸುಮಾರು ಶೇ 85ರಷ್ಟು ಬೆಳಕನ್ನು ಸೂಸದ, ಹೀರದ ಕಪ್ಪುದ್ರವ್ಯವೆಂಬುದು ಇಂದಿನ ಲೆಕ್ಕ.

ಇದನ್ನು ಕೇಳಿದೊಡನೆ, 'ನಮ್ಮ ಆಗಮಗಳು ಹೇಳಿದ್ದು ಇದನ್ನೇ' ಎನ್ನುವ ಉತ್ಸಾಹ ಕೆಲವರಲ್ಲಿ ಮೂಡುತ್ತದೆ. ಈ ಉತ್ಸಾಹ ಸಲ್ಲದು. ಧರ್ಮಾಸ್ತಿಕಾಯವು ಲೋಕಾಕಾಶವನ್ನೆಲ್ಲ ಅಖಂಡವಾಗಿ ವ್ಯಾಪಿಸಿದ ನಿಷ್ಕ್ರಿಯ ದ್ರವ್ಯ. ಕಪ್ಪುದ್ರವ್ಯವಾದರೋ ಗೆಲಾಕ್ಸಿಗಳ ಸುತ್ತ ದಟ್ಟವಾಗಿ, ಉಳಿದೆಡೆ ವಿರಳವಾಗಿ ಹರಡಿರುವಂಥದು. ತನ್ನ ಗುರುತ್ವದಿಂದ ಸೆಳೆಯುವಂಥದು. 'ದ್ರವ್ಯ' ಎಂಬ ಶಬ್ದ ಒಂದೇ ಆದ ಮಾತ್ರಕ್ಕೆ ಅರ್ಥವೂ ಒಂದೇ ಆಗದು. ಗುರುತ್ವದ ನಿಯಮವನ್ನೇ ತಿದ್ದಬೇಕೆನ್ನುವ ವಿಜ್ಞಾನಿಗಳೂ ಇದ್ದಾರೆ. ನಾಳೆ ಅವರ ಮಾತೇ ನಿಂತರೆ, ಆಗಮದ ಅರ್ಥವನ್ನೂ ಬದಲಿಸುವೆವೇ?

ನಾವು ಕಲಿಯಬೇಕಾದುದು ಬೇರೆಯೇ ಇದೆ. ಅಮೆರಿಕದ ದಕ್ಷಿಣ ಡಕೋಟದಲ್ಲಿ, ಹಿಂದೆ ಚಿನ್ನದ ಗಣಿಯಾಗಿದ್ದ ಸ್ಥಳದಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ಲಕ್ಸ್-ಜೆಪ್ಲಿನ್ ಎಂಬ ಪ್ರಯೋಗ ನಡೆದಿದೆ. ವಿಶ್ವಕಿರಣಗಳನ್ನು ಮೇಲಿನ ಬಂಡೆ ತಡೆಯುತ್ತದೆ. 10 ಟನ್ ದ್ರವ ಕ್ಸೆನಾನ್ ತುಂಬಿದ ಪಾತ್ರೆಯಲ್ಲಿ, ಕಪ್ಪುದ್ರವ್ಯದ ಕಣವೊಂದು ಪರಮಾಣುವಿಗೆ ತಾಗಿ ಕಿರುಮಿಂಚು ಹೊಮ್ಮೀತೇ ಎಂದು ಕಾಯುತ್ತಾರೆ. 280 ದಿನಗಳ ಮಾಹಿತಿಯನ್ನು ಶೋಧಿಸಿದ ಬಳಿಕ, 2024ರಲ್ಲಿ ಅವರು ಪ್ರಕಟಿಸಿದ್ದು: ಕಣ ಸಿಗಲಿಲ್ಲ, ಅದು ಇಂತಿಂಥ ಮಿತಿಯೊಳಗೆ ಇರಲಾರದು. ನೂರಾರು ಮಂದಿಯ ವರ್ಷಗಳ ಶ್ರಮದ ಫಲವನ್ನು ಹೀಗೆ ಹೇಳುವುದಕ್ಕೆ ಧೈರ್ಯ ಬೇಕು.

ಇಂತಿಷ್ಟು ತಿಳಿದಿದೆ, ಈ ದೃಷ್ಟಿಯಿಂದ ತಿಳಿದಿದೆ ಎಂದು ಮಿತಿ ಹಾಕಿ ನುಡಿಯುವುದನ್ನು ಸ್ಯಾದ್ವಾದವು ನಮಗೆ ಕಲಿಸಿದೆ. ಸತ್ಯಾಣುವ್ರತವನ್ನು ಧರಿಸಿದ ಶ್ರಾವಕನು ಧರ್ಮದ ಹಿರಿಮೆಗಾಗಿಯೂ ತಿಳಿಯದುದನ್ನು ತಿಳಿದಂತೆ ಆಡಬಾರದು. ಪಾಠಶಾಲೆಯ ಮಕ್ಕಳು ಕಪ್ಪುದ್ರವ್ಯದ ಬಗ್ಗೆ ಕೇಳಿದಾಗ, 'ಅದು ಏನೆಂದು ಇನ್ನೂ ತಿಳಿದಿಲ್ಲ, ಹುಡುಕುತ್ತಿದ್ದಾರೆ' ಎಂದೇ ಉತ್ತರಿಸೋಣ. ಅದರಿಂದ ಜಿನವಾಣಿಯ ಗೌರವ ಕುಂದುವುದಿಲ್ಲ.