ಔಷಧ ಮುದ್ರಣದ ಶಾಯಿಯೂ ನಮ್ಮ ಮೆಕ್ಕೆಜೋಳವೂ

ಮೂರು ಆಯಾಮದ ಮುದ್ರಣವೆಂದರೆ ಪ್ಲಾಸ್ಟಿಕ್ ಬೊಂಬೆ ಮಾಡುವ ಯಂತ್ರವೆಂಬ ಭಾವನೆ ನಮ್ಮ ವರ್ತಕರಲ್ಲಿ ಹಲವರಿಗೆ ಇನ್ನೂ ಇದೆ. 2023ರಲ್ಲಿ ಬೆಂಗಳೂರಿನ ಕೇಂಬ್ರಿಡ್ಜ್ ಬಡಾವಣೆಯಲ್ಲಿ ಇದೇ ವಿಧಾನದಿಂದ ಕಾಂಕ್ರೀಟಿನ ಅಂಚೆ ಕಚೇರಿ ಎದ್ದು ನಿಂತಾಗ ಅನೇಕರು ಬೆರಗಾದರು. ಆದರೆ ಅದಕ್ಕೆ ಎಂಟು ವರ್ಷ ಮೊದಲೇ, 2015ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಮುದ್ರಿತ ಮಾತ್ರೆಯೊಂದಕ್ಕೆ ಅನುಮತಿ ನೀಡಿತ್ತು. ಅಪಸ್ಮಾರಕ್ಕೆ ಕೊಡುವ ‘ಸ್ಪ್ರಿಟಾಮ್’ ಎಂಬ ಆ ಮಾತ್ರೆಯನ್ನು, ಪುಡಿಯನ್ನು ಪದರ ಪದರವಾಗಿ ಹರಡಿ ದ್ರವದಿಂದ ಅಂಟಿಸಿ ತಯಾರಿಸುತ್ತಾರೆ. ಒಳಗೆಲ್ಲ ಸೂಕ್ಷ್ಮ ರಂಧ್ರಗಳಿರುವುದರಿಂದ ಒಂದು ಗುಟುಕು ನೀರಿಗೆ ಕೆಲವೇ ಸೆಕೆಂಡುಗಳಲ್ಲಿ ಅದು ಬಾಯಲ್ಲಿ ಬಿಡಿಬಿಡಿಯಾಗುತ್ತದೆ.

ಈ ವ್ಯವಹಾರದಲ್ಲಿ ಬೆಲೆ ಇರುವುದು ರಂಧ್ರಕ್ಕೆ. ಅದನ್ನು ಬೇಕಾದ ಗಾತ್ರದಲ್ಲಿ ಪಡೆಯಲು ಸಂಶೋಧಕರು ಈಗ ಎಮಲ್ಷನ್ ಶಾಯಿಯತ್ತ ತಿರುಗಿದ್ದಾರೆ. ಎಮಲ್ಷನ್ ನಮಗೆ ಹೊಸತಲ್ಲ. ನೀರಿನಲ್ಲಿ ಕೊಬ್ಬಿನ ಹನಿಗಳು ತೇಲುವ ಹಾಲೂ ಎಮಲ್ಷನ್ನೇ. ಹನಿಗಳ ಪ್ರಮಾಣವನ್ನು ಶೇ. 74ಕ್ಕಿಂತ ಹೆಚ್ಚಿಸಿದರೆ ಅವು ಒಂದಕ್ಕೊಂದು ಒತ್ತಿಕೊಂಡು ಮಿಶ್ರಣವು ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಇಂತಹ ಎಮಲ್ಷನ್ನಿನಿಂದ ರಂಧ್ರಯುಕ್ತ ಪಾಲಿಮರ್ ಪಡೆಯುವ ವಿಧಾನಕ್ಕೆ ಯೂನಿಲಿವರ್ ಕಂಪನಿ 1980ರ ದಶಕದಲ್ಲಿಯೇ ಪೇಟೆಂಟ್ ಪಡೆದಿತ್ತು. ಮದರಂಗಿಯ ಕೋನನ್ನು ಒತ್ತಿದಾಗ ಹರಿದು, ಅಂಗೈ ಮೇಲೆ ಬಿದ್ದೊಡನೆ ಎಳೆ ನಿಲ್ಲುವಂತೆ ಈ ಶಾಯಿಯೂ ಸೂಜಿಮೂತಿಯಿಂದ ಹೊರಬಂದು ನಿಲ್ಲುತ್ತದೆ. ಹನಿಗಳ ಸುತ್ತಲಿನ ಭಾಗವನ್ನು ಗಟ್ಟಿಗೊಳಿಸಿ ಹನಿಗಳನ್ನು ತೆಗೆದುಹಾಕಿದರೆ ಅವುಗಳ ಜಾಗದಲ್ಲಿ ರಂಧ್ರ ಉಳಿಯುತ್ತದೆ. ಅದರೊಳಗೆ ಔಷಧವನ್ನಿಟ್ಟು ನಿಧಾನವಾಗಿ ಹೊರಬಿಡುವಂತೆ ಮಾಡಬಹುದು. ಇದು ಇನ್ನೂ ಬಹುಪಾಲು ಪ್ರಯೋಗಾಲಯದ ಹಂತದಲ್ಲಿದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಹೊನ್ನಾಳಿಯವರಿಗೆ ಇದರಿಂದೇನು? ಮುದ್ರಣ ಯಂತ್ರ ತರಿಸೋಣವೆಂಬ ಉತ್ಸಾಹ ಸಹಜವೇ ಆದರೂ ನನ್ನ ಅಭಿಪ್ರಾಯದಲ್ಲಿ ಅದು ನಮ್ಮ ದಾರಿಯಲ್ಲ. ಮಾತ್ರೆ ಮುದ್ರಿಸುವುದೆಂದರೆ ಔಷಧ ತಯಾರಿಕೆ. 1940ರ ಔಷಧ ಕಾಯಿದೆಯ ಪರವಾನಗಿ, ಪರಿಷ್ಕೃತ ‘ಶೆಡ್ಯೂಲ್ ಎಂ’ ನಿಯಮ, ಎಲ್ಲವೂ ಅನ್ವಯಿಸುತ್ತವೆ. ನಮಗೆ ಎಟಕುವುದು ಶಾಯಿಯ ಕಚ್ಚಾವಸ್ತು. ರಾಸಾಯನಿಕ ಸಾಬೂನುಗಳ ಬದಲು ಘನ ಕಣಗಳೇ ಹನಿಗಳನ್ನು ಹಿಡಿದಿಡುವ ‘ಪಿಕರಿಂಗ್ ಎಮಲ್ಷನ್’ಗೆ ತುಸು ಮಾರ್ಪಡಿಸಿದ ಪಿಷ್ಟವೂ ಒದಗುತ್ತದೆ. ಅದು ತಿನ್ನಬಹುದಾದ ಪದಾರ್ಥವೆಂಬುದೇ ಅದರ ಮೇಲ್ಮೆ. ಹನಿ ತೆಗೆಯಲು ಹೆಕ್ಸೇನ್ ಬಳಸಿದರೆ, ಔಷಧದಲ್ಲಿ ಉಳಿಯಬಹುದಾದ ಅಂತರರಾಷ್ಟ್ರೀಯ ಮಿತಿ ಕೇವಲ 290 ಪಿಪಿಎಂ.

ಪಿಷ್ಟ ಬರುವುದು ಮೆಕ್ಕೆಜೋಳದಿಂದ. ಮೆಕ್ಕೆಜೋಳ ನಮ್ಮ ಹೊಲದಲ್ಲಿದೆ. ಜಿಲ್ಲೆಯಲ್ಲಿ ಕಾರ್ಗಿಲ್‌ನಂತಹ ಬಹುರಾಷ್ಟ್ರೀಯ ಸಂಸ್ಥೆ ಮೆಕ್ಕೆಜೋಳ ಸಂಸ್ಕರಣಾ ಘಟಕ ಸ್ಥಾಪಿಸಿದ್ದು ಸುಮ್ಮನಲ್ಲ. ಆದರೂ ನಾವು ಕೋಳಿ ಆಹಾರದ ದರಕ್ಕೆ ಮಾರಿ ಕೈತೊಳೆದುಕೊಳ್ಳುತ್ತಿದ್ದೇವೆ. ಇದರಲ್ಲಿ ನಮ್ಮ ತಪ್ಪೂ ಇದೆ. ಸುಗ್ಗಿಯಲ್ಲಿ ನ್ಯಾಮತಿ ಕಡೆಗೋ ಜಗಳೂರು ಕಡೆಗೋ ಹೋದವರು ಡಾಂಬರು ರಸ್ತೆಯ ಮೇಲೆ ಕಾಳು ಒಣಗುವುದನ್ನು ನೋಡಿರುತ್ತೀರಿ. ಮೇಲಿಂದ ಒಂದು ಮಳೆ ಬಿದ್ದರೆ ಬೂಷ್ಟು. ಬೂಷ್ಟಿನೊಂದಿಗೆ ಅಫ್ಲಾಟಾಕ್ಸಿನ್ ಎಂಬ ವಿಷ. ಬೆಂಬಲ ಬೆಲೆಯ ಖರೀದಿಗೇ ತೇವಾಂಶ ಶೇ. 14 ಮೀರುವಂತಿಲ್ಲ, ಔಷಧ ದರ್ಜೆಯ ಪಿಷ್ಟ ಕೊಳ್ಳುವವನು ಸೂಕ್ಷ್ಮಾಣುಗಳ ಲೆಕ್ಕವನ್ನೂ ಕೇಳುತ್ತಾನೆ. ಕೇಳಿದರೆ ತೋರಿಸಲು ನಮ್ಮಲ್ಲಿ ಕಾಗದವೇ ಇಲ್ಲ!

ಆದ್ದರಿಂದ ಸಂಘವು ಮೊದಲು ಒಣಗಿಸುವ ಯಂತ್ರ ಮತ್ತು ಪರೀಕ್ಷಾಲಯದ ಮಾತೆತ್ತಬೇಕು. ಕಿರು ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಯೋಜನೆಯಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಕೇಂದ್ರ ಸರ್ಕಾರದ ನೆರವಿದೆ. ಒಬ್ಬೊಬ್ಬರೇ ಹೋದರೆ ಅದು ದೊರೆಯುವುದಿಲ್ಲ, ಗುಂಪಾಗಿ ಹೋಗಬೇಕು. ದಾವಣಗೆರೆಯ ಬಾಪೂಜಿ ಔಷಧ ಮಹಾವಿದ್ಯಾಲಯದ ಅಧ್ಯಾಪಕರನ್ನು ಮುಂದಿನ ಮಾಸಿಕ ಸಭೆಗೆ ಆಹ್ವಾನಿಸಿ, ನಮ್ಮ ಜೋಳದ ನಾಲ್ಕು ಮಾದರಿಗಳನ್ನು ಅವರ ಮುಂದಿಡಲು ಕಾರ್ಯದರ್ಶಿಗಳು ಮನಸ್ಸು ಮಾಡಬೇಕೆಂದು ವಿನಂತಿಸುತ್ತೇನೆ. ಮಾದರಿ ತರುವ ಹೊಣೆ ನನ್ನದು.