ದೈವವೆಂಬ ನೆವ

ನಮ್ಮ ಇಂಗಳೇಶ್ವರ ಕಾಲ್ಚೆಂಡಾಟಕ್ಕೆ ಹೆಸರಾದ ಊರಲ್ಲ. ಇಲ್ಲಿಯ ಹುಡುಗರ ಮೈಗೆ ಹತ್ತಿದ್ದು ಕಬಡ್ಡಿಯ ಮಣ್ಣು. ಆದರೂ 2022ರ ಡಿಸೆಂಬರ್ 18ರ ರಾತ್ರಿ, ವಿಶ್ವಕಪ್ಪಿನ ಕೊನೆಯ ಪಂದ್ಯ ನೋಡಲು ಓಣಿಯ ಹುಡುಗರೆಲ್ಲ ನನ್ನ ಪಡಸಾಲೆಯಲ್ಲಿ ನೆರೆದಿದ್ದರು. ಅರ್ಜೆಂಟೀನಾ, ಫ್ರಾನ್ಸ್ ಎರಡೂ 3–3 ಸಮನಾಗಿ ನಿಂತು, ಪೆನಾಲ್ಟಿ ಒದೆತಗಳಲ್ಲಿ 4–2ರಿಂದ ಅರ್ಜೆಂಟೀನಾ ಗೆದ್ದಿತು. ಕಂಬಕ್ಕೆ ಆತು ಕುಳಿತಿದ್ದ ನೆರೆಮನೆಯ ಕಾಕಾ, "ಎಲ್ಲಾ ದೈವದ ಆಟ ಅದ ನೋಡ್ರಿ ಮಾಸ್ತರ್, ಇದರಾಗ ಕಲಿಯೂದು ಏನೂ ಇಲ್ಲ" ಎಂದು ತೀರ್ಪು ಕೊಟ್ಟು, ಟವೆಲ್ ಕೊಡವಿ ಎದ್ದರು. ಹುಡುಗರೂ ಹೌದೆಂದು ತಲೆದೂಗಿದರು. ಆ ತಲೆದೂಗಿದ್ದು ನನ್ನನ್ನು ಚುಚ್ಚಿತು. ಈ ಬರಹಕ್ಕೆ ಅದೇ ಕಾರಣ.

ಕಾಕಾರ ಮಾತಿನಲ್ಲಿ ಅರ್ಧ ಸತ್ಯವಿದೆ. ಅದನ್ನು ಮೊದಲೇ ಒಪ್ಪಿಬಿಡುವೆ. ಕಬಡ್ಡಿಯಲ್ಲಿ ಒಂದು ಪಂದ್ಯಕ್ಕೆ ಮೂವತ್ತು, ನಾಲ್ವತ್ತು ಅಂಕಗಳು. ಒಂದೆರಡು ಕೈ ತಪ್ಪಿದರೂ ಬಲ್ಲವನ ಬಲ ಕೊನೆಗೆ ಮೇಲೆ ಬರುವದು. ಕಾಲ್ಚೆಂಡಿನಲ್ಲಿ ತೊಂಬತ್ತು ನಿಮಿಷಕ್ಕೆ ಎರಡು ಮೂರು ಗೋಲು ಬಂದರೆ ಅದೇ ದೊಡ್ಡದು. ಕವಡೆಯನ್ನು ಮೂರೇ ಸಲ ಎಸೆದರೆ ಏನಾದರೂ ಬಿದ್ದೀತು. ಮುನ್ನೂರು ಸಲ ಎಸೆದರೆ ಕವಡೆ ತನ್ನ ಗುಣವನ್ನು ತೋರಿಸಿಯೇ ತೀರುವದು. ಅಂದಿನ ಹೆಚ್ಚುವರಿ ಆಟದ ಕಟ್ಟಕಡೆಯ ಕ್ಷಣದಲ್ಲಿ ಫ್ರಾನ್ಸಿನ ಕೋಲೊ ಮುವಾನಿ ಒದ್ದ ಚೆಂಡು ಗೋಲಿ ಮಾರ್ಟಿನೆಜ್ ಚಾಚಿದ ಕಾಲಿಗೆ ತಾಗದಿದ್ದರೆ ಚರಿತ್ರೆಯೇ ಬೇರೆಯಾಗುತ್ತಿತ್ತು. ಆದುದರಿಂದ, ಕಪ್ ಎತ್ತಿದವರೇ ಲೋಕೋತ್ತರರು, ಸೋತವರಿಗೆ ಎದೆಗಾರಿಕೆಯೇ ಇಲ್ಲ ಎಂದು ಮರುದಿನ ಡಂಗುರ ಸಾರುವ ಪಂಡಿತರೂ ನನ್ನ ಪಕ್ಷದವರಲ್ಲ.

ಆದರೆ ಒಂದು ರಾತ್ರಿಗೆ ಸಲ್ಲುವ ಮಾತನ್ನು ಇಡಿಯ ಆಟಕ್ಕೆ ಹಚ್ಚುವದು ಯಾವ ನ್ಯಾಯ? ನಮ್ಮ ನಾಡಿನದೇ ಉದಾಹರಣೆ ನೋಡಿರಿ. 2017–18ರ ಇಂಡಿಯನ್ ಸೂಪರ್ ಲೀಗಿನಲ್ಲಿ ಬೆಂಗಳೂರು ತಂಡ 18 ಪಂದ್ಯಗಳಿಂದ 40 ಅಂಕ ಗಳಿಸಿ ಮೊದಲಿಗನಾಯಿತು. ಎರಡನೆಯದಾದ ಚೆನ್ನೈಯಿನ್ ತಂಡಕ್ಕೆ 32. ಆದರೆ 2018ರ ಮಾರ್ಚ್ 17ರಂದು, ತನ್ನದೇ ಕಂಠೀರವ ಕ್ರೀಡಾಂಗಣದಲ್ಲಿ, ಅದೇ ಚೆನ್ನೈಯಿನ್ ಎದುರು 2–3ರಿಂದ ಸೋತು ಪ್ರಶಸ್ತಿ ಕಳೆದುಕೊಂಡಿತು. ದೈವವೆನ್ನುವಿರಾ? ತುಸು ತಾಳಿರಿ. ಅಂದು ಚೆನ್ನೈಯಿನ್ನಿನ ಮೊದಲ ಎರಡು ಗೋಲುಗಳೂ ಕಾರ್ನರ್ ಒದೆತದಿಂದ ಬಂದವು. ಎರಡನ್ನೂ ಮೈಲ್ಸನ್ ಆಲ್ವೆಸ್ ತಲೆಯಿಂದಲೇ ಹೊಡೆದ. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬಯಿಯಲ್ಲಿ ಗೋವಾ ತಂಡದ ಎದುರು 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ಬೆಂಗಳೂರಿಗೆ ಪ್ರಶಸ್ತಿ ತಂದ ಒಂದೇ ಗೋಲು ಹೊಡೆದರು. ಅದೂ ಕಾರ್ನರ್, ಅದೂ ತಲೆಯಿಂದ! ಯಾವ ಆಯುಧದಿಂದ ಗಾಯಗೊಂಡಿದ್ದರೋ ಅದೇ ಆಯುಧದಿಂದ ಗೆದ್ದರು. ಕಾರ್ನರ್ ಒದೆತ ಲಾಟರಿ ಚೀಟಿಯಲ್ಲ. ಯಾರು ಎಲ್ಲಿ ಓಡಬೇಕು, ಯಾರು ಯಾರನ್ನು ತಡೆಯಬೇಕು ಎಂಬುದನ್ನು ಬೆಳಗಿನ ಚಳಿಯಲ್ಲಿ ನೂರಾರು ಸಲ ತಿದ್ದಿದ ಪಾಠವದು. ಕೊನೆಯ ಒಂದು ಗೇಣು ದೈವದ್ದಿರಲಿ. ಆ ಗೇಣಿನವರೆಗೆ ಹೋಗುವ ದಾರಿ ದುಡಿಮೆಯದು.

ಇನ್ನು ದೈವವಾದಿಗಳಿಗೆ ನನ್ನದೊಂದು ಕಠಿಣ ಪ್ರಶ್ನೆ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಏಕೈಕ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ರಾಜ್ಯ 1946–47, 1952–53, 1967–68, 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಅನಂತರ? ಐದನೆಯ ಗೆಲುವಿಗೆ 2023ರ ಮಾರ್ಚ್‌ವರೆಗೆ, ರಿಯಾಧ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸುವವರೆಗೆ, ಕಾಯಬೇಕಾಯಿತು. ಐವತ್ತನಾಲ್ಕು ವರ್ಷ! ಒಂದು ಸಂಜೆ ಚೆಂಡು ಕಂಬಕ್ಕೆ ಬಡಿದೀತು. ಐವತ್ತನಾಲ್ಕು ವರ್ಷವೂ ಕಂಬಕ್ಕೇ ಬಡಿಯಿತೆ? ಅಷ್ಟು ದೀರ್ಘವಾದ ದುರ್ದೈವ ಯಾವ ಪಂಚಾಂಗದಲ್ಲಿಯೂ ಇಲ್ಲ. ಅದಕ್ಕೆ ನಿಜವಾದ ಹೆಸರು ಅಲಕ್ಷ್ಯ. ಬಯಲು ಕೊಡದೆ, ಕಲಿಸುವವರನ್ನು ಇಡದೆ, ವರ್ಷಕ್ಕೆರಡು ಪಂದ್ಯ ಆಡಿಸಿ ಕೈತೊಳೆದುಕೊಳ್ಳುವವರಿಗೆ ದೈವದಂಥ ಅಗ್ಗದ ನೆವ ಬೇರೊಂದಿಲ್ಲ. ದೈವ ಲೆಕ್ಕ ಕೇಳುವದಿಲ್ಲ ನೋಡಿ!

ಈ ನೆವದ ಬೆಲೆ ತೆರುವವರು ಮಾತ್ರ ಮಕ್ಕಳು. ನನಗೆ ಗೊತ್ತಿರುವ ಹುಡುಗನೊಬ್ಬ ಒಂದೇ ಗೋಲಿನಿಂದ ಪಂದ್ಯ ಸೋತು ಬಂದು, "ನನ್ನ ಹಣ್ಯಾಗ ಬರೆದಿಲ್ಲರಿ ಸರ್" ಎಂದು ಚೆಂಡನ್ನು ಅಟ್ಟಕ್ಕೆ ಹಾಕಿದ. ಅವನ ಎಡಗಾಲಿನ ಒದೆತ ಸೊಟ್ಟಗಿತ್ತು, ಹಣೆಯಲ್ಲ. ಅದನ್ನು ತಿದ್ದಬೇಕಾದ ಹಿರಿಯರಾದ ನಾವು ಅವನಿಗೆ ಹಣೆಬರಹವನ್ನು ಕಲಿಸಿದೆವು. ಅವನ ಮಟ್ಟಿಗೆ ನಾನೂ ಅಪರಾಧಿಯೇ.

ನಮ್ಮದು ಎರೆ ಹೊಲದ ಸೀಮೆ. ಮಳೆ ನಮ್ಮ ಕೈಯಲ್ಲಿಲ್ಲವೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹರಗಿ, ಒಡ್ಡು ಹಾಕಿ ಕಾದ ಹೊಲದಲ್ಲಿ ಬಿದ್ದ ಮಳೆ ಹಿಂಗಾರಿ ಜೋಳವಾಗುವದು; ಪಾಳು ಬಿಟ್ಟ ಹೊಲದಲ್ಲಿ ಅದೇ ಮಳೆ ಹಳ್ಳಕ್ಕೆ ಹರಿದು ಹೋಗುವದು. ಪ್ರಶಸ್ತಿಯ ಮಾತೂ ಇಷ್ಟೇ. ಕಾಕಾರಿಗೆ ನಾನು ಇದನ್ನೇ ಕೇಳಬೇಕೆಂದಿದ್ದೇನೆ: "ಎಲ್ಲಾ ದೈವದ ಆಟವಾದರೆ, ಕಾಕಾ, ಮಳೆಗಿಂತ ಮೊದಲೇ ನೀವು ಕುಂಟೆ ಹೂಡಿಕೊಂಡು ಹೊಲಕ್ಕೆ ಹೋಗುವದಾದರೂ ಏಕೆ?"