ಆಟ ಮತ್ತು ಅನ್ನ

ಆಟವು ಯೌವನದ ಸಹಜಧರ್ಮ. ಯುವಕ ಮಂಡಲಗಳ ಕೂಟಗಳಲ್ಲಿ ಮೈಕೈ ಕೊಳೆಯಾಗುವ ಆಟಗಳಿಗೆ ವಿಶೇಷವಾದ ಆಕರ್ಷಣೆಯಿರುವುದೂ ಸಹಜವೇ. ಅವುಗಳನ್ನು ಆಡಕೂಡದೆಂದು ವಿವೇಕಿಗಳಾರೂ ಹೇಳಲಾರರು. ಆದರೆ ಉಣ್ಣುವ ಪದಾರ್ಥವನ್ನೇ ಆಟದ ಕೆಸರನ್ನಾಗಿ ಮಾಡಬಹುದೇ ಎಂಬುದು ವಿಚಾರಾರ್ಹವಾದ ವಿಷಯ.

ಬೆಳಗಾವಿ ನಗರದಲ್ಲಿ ಗೋಕುಲಾಷ್ಟಮಿಯ ಸಮಯದಲ್ಲಿ ತರುಣರು ಮೊಸರುಗಡಿಗೆ ಒಡೆಯುತ್ತಾರೆ. ಒಬ್ಬನ ಹೆಗಲನ್ನೇರಿ ಇನ್ನೊಬ್ಬನು ನಿಲ್ಲುತ್ತಾನೆ. ಗಡಿಗೆ ಒಡೆದೊಡನೆ ಮೊಸರು ಎಲ್ಲರ ಮೈಮೇಲೆ ಸುರಿಯುತ್ತದೆ. ಇಲ್ಲಿಯೂ ಆಹಾರ ಚೆಲ್ಲಿತಲ್ಲವೇ ಎಂದು ಕೇಳಬಹುದು. ಚೆಲ್ಲಿದುದು ನಿಜ, ಆದರೆ ಚೆಲ್ಲುವುದೇ ಆ ಆಟದ ಗುರಿಯಲ್ಲ. ಶ್ರೀಕೃಷ್ಣನು ಗೆಳೆಯರ ಬುತ್ತಿಗಳನ್ನು ಒಂದುಗೂಡಿಸಿ ಎಲ್ಲರೊಡನೆ ಉಂಡನೆಂಬ ಕಥೆಯ ನೆನಪಿಗಾಗಿ, ಅವಲಕ್ಕಿ ಮೊಸರು ಕಲಸಿದ ಗೋಪಾಳಕಾಲಾ ಪ್ರಸಾದವನ್ನು ಹಂಚುವ ರೂಢಿಯುಂಟು. ಕೂಡಿ ಪಡೆದುದನ್ನು ಹಂಚಿ ಉಣ್ಣುವುದೇ ಅದರ ತಿರುಳು.

ಈಚೆಗೆ ಹರಡಿರುವ ಕೆಲವು ವಿನೋದಗಳು ಹೀಗಿಲ್ಲ. ಹುಟ್ಟುಹಬ್ಬದ ಕೇಕನ್ನು ಮುಖಕ್ಕೆ ಬಳಿಯುವುದು, ಗೆಳೆಯನ ತಲೆಯ ಮೇಲೆ ಮೊಟ್ಟೆ ಒಡೆಯುವುದು, ಹಿಟ್ಟನ್ನು ಎರಚುವುದು — ಇವುಗಳಲ್ಲಿ ಹಂಚಿಕೆಯೆಲ್ಲಿದೆ? ಶಾಲೆಯ ಬಿಸಿಯೂಟದೊಡನೆ ಮಕ್ಕಳ ಪುಷ್ಟಿಗಾಗಿ ಕೊಡುವುದೂ ಅಂತಹ ಮೊಟ್ಟೆಯನ್ನೇ ಅಲ್ಲವೇ?

“ಒಂದು ಮೊಟ್ಟೆ ಉಳಿಸಿದರೆ ಲೋಕದ ಹಸಿವು ಹಿಂಗೀತೇ?” ಎಂದು ಕೆಲವರು ವಾದಿಸಬಹುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡ 60ರಷ್ಟು ಮನೆಗಳಲ್ಲಿಯೇ. ಆಟದಲ್ಲಿ ಚೆಲ್ಲಿದುದು ಇದರ ಮುಂದೆ ಅತ್ಯಲ್ಪವೆಂಬುದು ದಿಟ. ಆದರೆ ಎಳೆತನದಲ್ಲಿ ನಗುತ್ತ ಚೆಲ್ಲಲು ಕಲಿತ ಕೈ, ಮುಂದೆ ಮನೆಯ ತಟ್ಟೆಯಲ್ಲಿ ಅನ್ನವನ್ನು ಬಿಡಲು ಅಳುಕುವುದಿಲ್ಲ. ಇದೇ ಬೆಳಗಾವಿ ಜಿಲ್ಲೆಯು 1876–78ರ ಭೀಕರ ಕ್ಷಾಮದಲ್ಲಿ ನೊಂದಿತ್ತೆಂಬುದನ್ನು ನಾವು ಮರೆಯಲಾಗದು.

ಮಳೆಗಾಲದಲ್ಲಿ ನೆರೆಯ ಖಾನಾಪುರ ತಾಲೂಕಿಗೆ ಹೋಗಿ ನೋಡಿರಿ. ಮಲಪ್ರಭೆಯು ಉಗಮಿಸುವ ಆ ಸೀಮೆಯಲ್ಲಿ ಹೆಣ್ಣುಮಕ್ಕಳು ಸುರಿಯುವ ಮಳೆಯಲ್ಲಿ ನಡು ಬಗ್ಗಿಸಿ ಭತ್ತದ ಸಸಿ ನೆಡುತ್ತಿರುತ್ತಾರೆ. ಅವರ ಮೈಗೂ ಕೆಸರು ಮೆತ್ತಿರುತ್ತದೆ. ಅವರು ಕೆಸರಿನಿಂದ ಅನ್ನವನ್ನು ತೆಗೆಯುತ್ತಾರೆ. ನಾವು ಅನ್ನವನ್ನು ಕೆಸರಾಗಿಸುವುದು ಆ ದುಡಿಮೆಗೆ ಮಾಡುವ ಅವಮಾನವಲ್ಲವೇ?

ಹಾಗೆಂದು ತರುಣರು ನಗೆಯನ್ನು ತೊರೆಯಬೇಕಾಗಿಲ್ಲ. ಕರಾವಳಿಯಲ್ಲಿ ಕೆಸರುಗದ್ದೆಯ ಓಟವಿದೆ, ಹಗ್ಗಜಗ್ಗಾಟವಿದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಓಕುಳಿಯಾಟವಿದೆ. ಮೈ ತೊಯ್ಯಲು ನೀರು ಸಾಕು, ಮೆತ್ತಿಕೊಳ್ಳಲು ಮಣ್ಣು ಸಾಕು. ಆಹಾರವಸ್ತುವೇ ಬೇಕೆಂದರೆ, ಉಣ್ಣುವುದರಲ್ಲಿ ಮುಗಿಯುವ ಆಟವನ್ನು ಆರಿಸಿಕೊಳ್ಳಬಹುದು. ಚಮಚದಲ್ಲಿ ನಿಂಬೆಹಣ್ಣನ್ನಿಟ್ಟುಕೊಂಡು ಓಡಿದವರು, ಓಟ ಮುಗಿದ ಬಳಿಕ ಆ ಹಣ್ಣುಗಳನ್ನು ತೊಳೆದು ಪಾನಕ ಮಾಡಿ, ಗೆದ್ದವರು ಸೋತವರೆನ್ನದೆ ಕುಡಿಯಲಿ.

ಅನ್ನವನ್ನು ಗೌರವಿಸುವುದೆಂದರೆ ಅದನ್ನು ಬೆಳೆದವರನ್ನೂ, ಅದಿಲ್ಲದೆ ಹಸಿದವರನ್ನೂ ನೆನೆಯುವುದೇ ಆಗಿದೆ. ಈ ನೆನಪಿನಿಂದ ಆಟದ ಸಂತೋಷವು ಎಳ್ಳಷ್ಟೂ ಕುಂದುವುದಿಲ್ಲ.